ಕೊನೆಯ ನಂಬರೂ ಸೇರಿ

ಅವಳು ಕೇಬಲ್ ಕಿತ್ತ ರಭಸಕ್ಕೆ ಮೇಜಿನ ಮೇಲಿದ್ದ ಸರ್ಕ್ಯೂಟ್ ಬೋರ್ಡು ಅರ್ಧ ಸುತ್ತು ತಿರುಗಿ ನಿಂತಿತು. ಪರದೆಯ ಮೇಲೆ ಸರಸರ ಇಳಿಯುತ್ತಿದ್ದ ಅಕ್ಷರಗಳು ಒಂದು ಸಾಲಿನ ನಡುವೆಯೇ ಉಸಿರು ಕಟ್ಟಿದವು.

"ಅಯ್ಯೋ, ಇನ್ನೂ ಓಡ್ತಾ ಇತ್ತು ಮೇಡಂ."

"ಗೊತ್ತು. ಅದಕ್ಕೇ ಕಿತ್ತೆ."

"ಇನ್ನು ನಾಲ್ಕೇ ಸಾಲು ಬಾಕಿ ಇತ್ತು."

"ಆ ನಾಲ್ಕೂ ನನ್ನವು. ಅದಕ್ಕೂ ಕೈ ಹಾಕಿದ್ರಾ?"

ಅವನು ಕುರ್ಚಿಯಲ್ಲೇ ತಿರುಗಿ ನೋಡಿದ. ಮೊದಲು ಅವಳ ಕೈಯಲ್ಲಿ ಜೋತಾಡುತ್ತಿದ್ದ ಕೇಬಲ್ಲು, ಆಮೇಲೆ ಅದನ್ನು ಹಿಡಿದ ಬೆರಳು, ಬೆರಳಿಗಂಟಿದ ಶಾಯಿ, ಕೊನೆಗೆ ಮುಖ. ಅವನು ನೋಡುವ ರೀತಿಯೇ ಹಾಗೆ, ಒಂದು ಸಾಲೂ ಬಿಡದೆ ಓದಿದ ಹಾಗೆ. ಅದು ಅವಳಿಗೆ ಹಿಡಿಸಲಿಲ್ಲ. ಅದನ್ನು ತಾನು ಇಷ್ಟು ವಿವರವಾಗಿ ಗಮನಿಸಿದ್ದು ಇನ್ನೂ ಹಿಡಿಸಲಿಲ್ಲ.

"ಹಾಕಿದ್ದೀನಿ," ಅಂದ. "ನಿಮ್ಮ ಒಪ್ಪಿಗೆ ಸಿಕ್ಕ ಮೇಲೇ ಸೇರಿಸೋದು."

"ಒಪ್ಪಿಗೆ ಕೊಡೋಳು ನಾನೇ ಅನ್ನೋದು ನೆನಪಿದೆಯಲ್ಲ, ಅಷ್ಟು ಸಾಕು."

ಟೆಸ್ಟ್ ರೂಮಿನ ಬಾಗಿಲು ದಾಟಿ ಹತ್ತು ಹೆಜ್ಜೆ ಹೋದ ಮೇಲೆ ಅವಳಿಗೆ ಹೊಳೆಯಿತು, ಕೇಬಲ್ಲು ಇನ್ನೂ ತನ್ನ ಕೈಯಲ್ಲೇ ಇದೆ. ವಾಪಸ್ ಹೋಗಿ ಕೊಡುವುದು ಮಾನಗೇಡು. ಚೀಲಕ್ಕೆ ತುರುಕಿಕೊಂಡಳು.

ಆ ಕಂಪನಿ ತಯಾರಿಸುತ್ತಿದ್ದದ್ದು ರೋಗಿಯ ಹಾಸಿಗೆಯ ಪಕ್ಕ ನಿಂತು ನಾಡಿ, ಉಸಿರು ತೋರಿಸುವ ಮಾನಿಟರ್. ಸ್ವಿಚ್ ಒತ್ತಿದ ಕೂಡಲೇ, ಚಿತ್ರ ಮೂಡುವ ಮೊದಲು, ಯಂತ್ರ ತನ್ನನ್ನು ತಾನೇ ತಡವಿ ನೋಡಿಕೊಳ್ಳುತ್ತದೆ. ಒಂದು ಉದ್ದನೆಯ ಬೀದಿ ಅಂದುಕೊಳ್ಳಿ. ಸೊನ್ನೆಯಿಂದ ಹದಿನೈದನೇ ನಂಬರಿನ ತನಕ ಮೆಮೊರಿಯ ಮನೆ, ಹದಿನಾರರಿಂದ ಪರದೆಯ ಮನೆ, ಅದರಾಚೆ ಅಲಾರಂ ಮನೆ. ಯಾರು ಎಲ್ಲಿಂದ ಎಲ್ಲಿವರೆಗೆ ಅಂತ ಯಂತ್ರ ಒಂದೊಂದೇ ಸಾಲು ಬರೆದು ಹೇಳುತ್ತದೆ. ಡಾಕ್ಟರಿಗೆ ಅದು ಕಾಣುವುದಿಲ್ಲ, ರೋಗಿಗಂತೂ ಇಲ್ಲ. ಯಂತ್ರ ಕೆಟ್ಟಾಗ ಹಿಂಬದಿಗೆ ಕೇಬಲ್ ಚುಚ್ಚುವ ರಿಪೇರಿಯವರಿಗೆ ಮಾತ್ರ ಕಾಣುತ್ತದೆ.

ಆ ಸಾಲುಗಳನ್ನು ಆರು ವರ್ಷದಿಂದ ಬರೆದವಳು ಅವಳು. ಆಯಾ ದಿನದ ಮನಸ್ಸು ಹೇಗಿತ್ತೋ ಹಾಗೆ ಬರೆದಿದ್ದಳು. ಒಂದು ಕಡೆ ಶುರು ಮತ್ತು ಉದ್ದ, ಇನ್ನೊಂದು ಕಡೆ ಶುರು ಮತ್ತು ಕೊನೆ. ಕೆಲವು ಕಡೆ ಕೊನೆಯ ಮನೆಯ ನಂಬರು, ಕೆಲವು ಕಡೆ ಅದರಾಚೆಯ ಮನೆಯದು.

ಅದನ್ನೆಲ್ಲ ಒಂದೇ ಅಚ್ಚಿಗೆ ತರಲು ಮೂರು ವಾರದ ಹಿಂದೆ ಅವನು ಬಂದ. ಆವರಣ ಚಿಹ್ನೆಯೊಳಗೆ ಶುರುವಿನ ನಂಬರು, ಅಡ್ಡಗೆರೆ, ಕೊನೆಯ ನಂಬರು. ಕೊನೆಯದೂ ಸೇರಿ. ಅಷ್ಟೇ ಅವನ ಕೆಲಸ. ಟಚ್‌ಸ್ಕ್ರೀನಿನ ಕೋಡ್ ಬರೆಯುವ ದಪ್ಪ ಮೀಸೆಯವರು ಮೊದಲ ದಿನವೇ ಅವನಿಗೆ ಪೊರಕೆ ಅಂತ ಹೆಸರಿಟ್ಟರು. ಅವನು ನಕ್ಕು ಒಪ್ಪಿಕೊಂಡ.

ಹೆಸರಿಟ್ಟರೆ ನಗುವ ಗಂಡಸನ್ನು ಅವಳು ನಂಬುತ್ತಿರಲಿಲ್ಲ.

ಕೋಡಿನ ಒಂದೊಂದು ಸಾಲನ್ನೂ ಯಾರು ಬರೆದರು ಅಂತ ಹೇಳುವ ಸಲಕರಣೆ ಒಂದಿದೆ. ಅದರ ಹೆಸರೇ ಬ್ಲೇಮ್. ತಪ್ಪಿರಲಿ, ಒಪ್ಪಿರಲಿ, ದೂರು ಯಾರ ಮೇಲೆ ಅಂತ ಅದು ಸಾಲಿನ ಪಕ್ಕದಲ್ಲೇ ಹೆಸರು ಬರೆದು ತೋರಿಸುತ್ತದೆ. ತನ್ನ ಜಾಗಕ್ಕೆ ಬಂದು ಕೂತು ಅವಳು ಅದನ್ನು ಓಡಿಸಿದಳು. ಪೊರಕೆ ಇದುವರೆಗೆ ಮಾಡಿದ ಬದಲಾವಣೆ ಹದಿನಾಲ್ಕು. ಒಂದೊಂದಾಗಿ ಬಂದಾಗ ಅವಳೇ ಒಪ್ಪಿಗೆ ಒತ್ತಿದ್ದಳು, ಎಣಿಸಿರಲಿಲ್ಲ. ಹದಿನಾಲ್ಕೂ ಅವಳು ಬರೆದ ಸಾಲುಗಳ ಮೇಲೆ. ಮೊದಲು ತನ್ನ ಹೆಸರಿದ್ದ ಕಡೆಯಲ್ಲೆಲ್ಲ ಈಗ ಅವನ ಹೆಸರು, ಖಾಲಿ ಮಾಡದ ಮನೆಗೆ ಬೇರೆಯವರ ಬೋರ್ಡು ನೇತುಹಾಕಿದ ಹಾಗೆ.

ಇದು ಅವಳಿಗೆ ಹೊಸದಲ್ಲ.

ಮೂರು ವರ್ಷದ ಹಿಂದೆ ಅದೇ ಟೆಸ್ಟ್ ರೂಮಿನಲ್ಲಿ ಇನ್ನೊಬ್ಬನಿದ್ದ. ಮದುವೆ ಮಾತು ಅಕ್ಕನ ಕಿವಿ ತನಕ ಹೋಗಿತ್ತು. "ನಿನ್ನ ಫೈಲುಗಳೆಲ್ಲ ಚೆಲ್ಲಾಪಿಲ್ಲಿ, ನೀಟಾಗಿ ಜೋಡಿಸಿಕೊಡ್ತೀನಿ" ಅಂದ. ಜೋಡಿಸಿದ. ಆಗಿನ ಇನ್ನೊಂದು ಯಂತ್ರದ ಸಾಲುಗಳ ಪಕ್ಕದಲ್ಲೆಲ್ಲ ಅವನ ಹೆಸರು ಕೂತಿತು. ಅದನ್ನೇ ತೋರಿಸಿಕೊಂಡು ಇನ್ನೊಂದು ಕಂಪನಿಗೆ ಮುಖ್ಯಸ್ಥನಾಗಿ ಹೋದ. ಹೋಗುವಾಗ ಒಂದು ಫೋನೂ ಇಲ್ಲ.

ಈ ಶುಕ್ರವಾರ ಹೊಸ ಮಾನಿಟರಿಗೆ ಸ್ವಿಚ್ ಒತ್ತಿದ ಕೂಡಲೇ ಓಡುವ ಬೂಟ್ ಕೋಡ್ ಯಾರ ಕೈಗೆ ಅನ್ನುವುದು ತೀರ್ಮಾನವಾಗಬೇಕಿತ್ತು. ಯಾರ ಹೆಸರಿನಲ್ಲಿ ಹೆಚ್ಚು ಸಾಲುಗಳಿವೆಯೋ ಅವರಿಗೇ ಅಂತ ಕಾರಿಡಾರಿನಲ್ಲಿ ಮಾತು. ಪೊರಕೆ ಮೂರೇ ವಾರದಲ್ಲಿ ಗುಡಿಸಿ ತನ್ನ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದಾನೆ. ಮೊದಲಿನವನಾದರೂ ವರ್ಷ ತೆಗೆದುಕೊಂಡಿದ್ದ.

ಅಕ್ಕನದು ಡ್ರೈಕ್ಲೀನಿಂಗ್ ಅಂಗಡಿ. ಕೆಳಗೆ ಅಂಗಡಿ, ಮೇಲೆ ಇಬ್ಬರ ಮನೆ. ಸಂಜೆ ಅವಳು ಒಳಗೆ ಕಾಲಿಟ್ಟಾಗ ಅಕ್ಕ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದೇ ಒಬ್ಬ ಹೆಂಗಸಿನ ಜೊತೆ ಜಗಳ ಮುಗಿಸುತ್ತಿದ್ದಳು.

"ಗುರುವಾರದವರೆಗೆ ಕೊಡಕ್ಕಾಗಲ್ಲ ಅಂದ್ರೆ ಗುರುವಾರ ಕೊಡ್ತೀರಿ ಅಂತ ತಾನೆ ಅರ್ಥ?" ಅಂತ ಗಿರಾಕಿ.

"ಅಲ್ಲಮ್ಮ, ಗುರುವಾರವೂ ಸೇರಿ ಕೊಡಕ್ಕಾಗಲ್ಲ ಅಂತ. ಹಳೇ ಚೀಟಿ ಅದು. ಹೊಸದರಲ್ಲಿ ಬಿಡಿಸಿ ಬರೆಸಿದ್ದೀನಿ, ನೋಡಿ."

ಗಿರಾಕಿ ಗೊಣಗುತ್ತ ಹೋದ ಮೇಲೆ ಅಕ್ಕ ಒಂದು ಹೊಸ ಚೀಟಿ ಎತ್ತಿ ತೋರಿಸಿದಳು. ದಿನದ ಹೆಸರಿನ ಮುಂದೆ ದಪ್ಪ ಅಕ್ಷರದಲ್ಲಿ, ಆ ದಿನವೂ ಸೇರಿ.

"ಎಂಟು ವರ್ಷದಿಂದ ಈ 'ವರೆಗೆ' ಅನ್ನೋ ಒಂದು ಪದಕ್ಕೆ ಎಷ್ಟು ಬೈಸಿಕೊಂಡಿದ್ದೀನಿ ಗೊತ್ತಾ ಪುಟ್ಟಿ? ಒಬ್ಬ ಗಿರಾಕಿ ಬಂದ, ಚೀಟಿ ನೋಡಿದ, ನಿಮ್ಮದು ಅರ್ಧ ಮಾತು, ಕೊನೆಯದೂ ಸೇರಿದೆಯಾ ಇಲ್ವಾ ಹೇಳಲ್ಲ ಅಂದ. ನನಗೆ ಯಾಕೆ ಇಷ್ಟು ದಿನ ತೋಚಲಿಲ್ಲ ಅಂತೀನಿ!"

ಅವಳ ಕಿವಿ ನಿಮಿರಿತು. "ಯಾರು ಗಿರಾಕಿ?"

"ಯಾರೋ ಉದ್ದನೆಯವನು. ಅಲ್ನೋಡು, ಆ ನೀಲಿ ಶರ್ಟು ಅವನದೇ."

ಅವಳು ಹ್ಯಾಂಗರಿನ ಸಾಲಿನತ್ತ ಹೋದಳು. ನೀಲಿ ಶರ್ಟಿನ ಜೇಬಿನ ಅಂಚಿಗೆ ಸೋಲ್ಡರಿಂಗ್ ಕಡ್ಡಿ ತಾಗಿ ಸುಟ್ಟ ಸಣ್ಣ ಕಂದು ಚುಕ್ಕೆ. ಕಳೆದ ಸೋಮವಾರ ಅದೇ ಚುಕ್ಕೆಯನ್ನು, ಮೀಟಿಂಗಿನಲ್ಲಿ ಬೇರೆ ನೋಡಲು ಏನೂ ಇಲ್ಲದ್ದರಿಂದ, ಅವಳು ಇಪ್ಪತ್ತು ನಿಮಿಷ ನೋಡಿದ್ದಳು.

"ಇಲ್ಲಿಗೂ ಬಂದಿದ್ದಾನಾ!"

"ಯಾರೇ?"

"ಪೊರಕೆ! ಆಫೀಸಿನಲ್ಲಿ ನನ್ನ ಸಾಲು, ಇಲ್ಲಿ ನನ್ನ ಅಕ್ಕ. ನನ್ನ ಬಗ್ಗೆ ಏನಾದ್ರೂ ಕೇಳಿದ್ನಾ?"

"ಕೇಳ್ದ."

"ಏನಂತ?"

"ಕಾಲರ್ ಗಟ್ಟಿಯಾಗಿ ಇಸ್ತ್ರಿ ಮಾಡ್ತೀರಾ ಅಂತ ಕೇಳ್ದ." ಅಕ್ಕ ನಗು ತಡೆಯಲು ಇಸ್ತ್ರಿಪೆಟ್ಟಿಗೆಯ ಮೇಲೆ ನೀರು ಚಿಮುಕಿಸಿದಳು. ಚುಂಯ್ ಅಂತು. "ಬೀದಿಯಲ್ಲಿರೋದು ಇದೊಂದೇ ಅಂಗಡಿ ಕಣೇ. ಬಟ್ಟೆ ಕೊಳೆಯಾದವರೆಲ್ಲ ನಿನ್ನ ಬೇಹುಗಾರರಾ? ಅದಿರಲಿ, ಅವನ ಮಾತು ಎತ್ತಿದ ಕೂಡಲೇ ನಿನ್ನ ಮೂಗಿನ ತುದಿ ಯಾಕೆ ಕೆಂಪಗಾಗುತ್ತೆ?"

"ಕೋಪಕ್ಕೆ."

"ಹೂಂ. ಹಿಂದಿನವನ ಮೇಲೂ ಕೋಪ ಬಂದಿತ್ತು. ಆಗ ಕಿವಿ ಕೆಂಪಗಾಗಿತ್ತು. ಮೂಗು ಆಗಿರಲಿಲ್ಲ."

ಅವಳು ದಡದಡ ಮೆಟ್ಟಿಲು ಹತ್ತಿದಳು. ಮೇಲೆ ಹೋದವಳೇ ಕನ್ನಡಿ ನೋಡಿಕೊಂಡಳು. ಮೂಗು ಮೂಗಿನ ಬಣ್ಣದಲ್ಲೇ ಇತ್ತು, ಹೆಚ್ಚು ಕಡಿಮೆ.

ಮಾರನೇ ದಿನ ಅವಳು ಬಲೆ ಬೀಸಿದಳು. ದಪ್ಪ ಮೀಸೆಯವರನ್ನು ಪುಸಲಾಯಿಸಿ ಅವರ ಟಚ್‌ಸ್ಕ್ರೀನ್ ಫೈಲಿನಲ್ಲಿ ಪರಮ ಕೊಳಕು ಸಾಲೊಂದನ್ನು ಬರೆಸಿದಳು. ಶುರುವೂ ಇಲ್ಲ, ಕೊನೆಯೂ ಇಲ್ಲ, ನಡುವಿನ ಒಂದು ನಂಬರು, ಮುಂದೆ 'ಸುಮಾರು'.

"ಇಷ್ಟು ಹೊಲಸು ನಾನೂ ಬರೆಯಲ್ಲಮ್ಮ," ಅಂದರು ಮೀಸೆಯವರು, ಅಭಿಮಾನದಿಂದ.

ಸ್ವಚ್ಛತೆಯೇ ಬೇಕಾಗಿದ್ದರೆ ಪೊರಕೆ ಅದರ ಮೇಲೆ ಬೀಳಬೇಕಿತ್ತು. ಬೀಳಲಿಲ್ಲ. ಮಧ್ಯಾಹ್ನ ಅವನ ಪರದೆಯ ಹಿಂದೆ ನೀರಿನ ಬಾಟಲಿ ತುಂಬಿಸುವ ನೆಪದಲ್ಲಿ ಮೂರು ಸಲ ಹಾದುಹೋದಳು. ಆ ಫೈಲು ಅವನ ಮುಂದೆ ತೆರೆದೇ ಇತ್ತು. ಕೊಳಕು ಸಾಲನ್ನು ನೋಡಿ, ದಾರಿಯಲ್ಲಿ ಬಿದ್ದ ಕಲ್ಲನ್ನು ದಾಟುವ ಹಾಗೆ ದಾಟಿ, ಅವನು ಮತ್ತೆ ಅವಳ ಅಲಾರಂ ಫೈಲಿಗೆ ಹೋದ.

"ಬಾಯಾರಿಕೆ ಜಾಸ್ತಿನಾ ಮೇಡಂ ಇವತ್ತು?" ತಿರುಗಿ ನೋಡದೆ ಕೇಳಿದ.

"ಬೆನ್ನಿಗೂ ಕಣ್ಣಿದೆಯಾ ನಿಮಗೆ?"

"ಪರದೆಯಲ್ಲಿ ನೆರಳು ಕಾಣುತ್ತೆ. ಮೂರನೇ ಸಲಕ್ಕೆ ಬಾಟಲಿ ಖಾಲಿ ಮಾಡೋದನ್ನೇ ಮರೆತಿದ್ದೀರಿ."

ಅವಳು ತುಂಬಿದ ಬಾಟಲಿ ಹಿಡಿದು ನಿಂತಳು. ಪರದೆಯ ಗಾಜಿನಲ್ಲಿ ಅವನ ಕಣ್ಣು ಅವಳ ಕಣ್ಣನ್ನು ಹುಡುಕಿ, ಸಿಕ್ಕ ಕೂಡಲೇ ಕೆಳಗಿಳಿದು ಕೀಬೋರ್ಡಿನಲ್ಲಿ ಅಡಗಿಕೊಂಡಿತು. ತಪ್ಪು ಮಾಡಿದವರ ಕಣ್ಣೇ ಹಾಗೆ ಅಡಗುವುದು, ಅಂದುಕೊಂಡಳು. ಹಾಗಂದುಕೊಂಡದ್ದಕ್ಕೆ ಏನೋ ಒಂದು ಸಣ್ಣ ಬೇಸರವೂ ಆಯಿತು.

ಆದರೂ ಬಿಡಲಿಲ್ಲ. ಹದಿನಾಲ್ಕನೇ ಬದಲಾವಣೆಯ ಕೆಳಗೆ, ಎಲ್ಲರೂ ಓದುವ ಅಭಿಪ್ರಾಯದ ಜಾಗದಲ್ಲಿ, ಬರೆದಳು: ಇವರಿಗೆ ಬೇಕಿರುವುದು ಸ್ವಚ್ಛತೆಯಲ್ಲ, ಹೆಸರು. ನನ್ನ ಸಾಲುಗಳನ್ನಷ್ಟೇ ಆರಿಸಿಕೊಂಡಿದ್ದಾರೆ. ಇದನ್ನು ತಡೆಯಬೇಕು.

ಉತ್ತರ ಬರಲಿಲ್ಲ. ಅವನು ಮೂರು ಗಂಟೆಗೇ ಎದ್ದು ಹೋದ ಅಂತ ಮೀಸೆಯವರು ಹೇಳಿದರು. "ಮುಖ ಸಪ್ಪೆ ಇತ್ತಮ್ಮ. ಪೊರಕೆಗೂ ಮನಸ್ಸಿರುತ್ತೆ."

ಗುರುವಾರ ಅವಳು ಹದಿನಾಲ್ಕು ಹಾಳೆ ಪ್ರಿಂಟ್ ತೆಗೆದು ಮುಖ್ಯಸ್ಥರ ಕೋಣೆಗೆ ನುಗ್ಗಿದಳು. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಅದನ್ನೇ ಹುಡುಕುತ್ತಿದ್ದ ಆ ಮನುಷ್ಯ ಅವಳ ಮಾತು ಪೂರ್ತಿ ಕೇಳಿದರು. ಆಮೇಲೆ ತಮ್ಮ ಪರದೆಯನ್ನು ಅವಳತ್ತ ತಿರುಗಿಸಿದರು.

"ಎಲ್ಲಮ್ಮ ಅವನ ಹೆಸರು?"

ಅವಳು ಬಗ್ಗಿ ನೋಡಿದಳು. ಅದೇ ಫೈಲು, ಅದೇ ಗುಡಿಸಿ ಒರಣ ಮಾಡಿದ ಸಾಲುಗಳು. ಪಕ್ಕದಲ್ಲಿ ಮೇಲಿಂದ ಕೆಳಗೆ ಅವಳದೇ ಹೆಸರು.

"ನನ್ನ ಯಂತ್ರದಲ್ಲಿ ಹಾಗೆ ಕಾಣಲ್ಲ ಸರ್."

"ಹೇಗೆ ಕಾಣುತ್ತೆ? ಸೆಟ್ಟಿಂಗ್ ಬದಲಾಯಿಸಿಕೊಳ್ಳಿ ಅಂತ ಅವನು ಬಂದ ದಿನವೇ ಎಲ್ಲರಿಗೂ ಮೇಲ್ ಹಾಕಿದ್ದ. ಓದಲಿಲ್ವಾ?"

ಅವನ ಮೇಲ್‌ಗಳೆಲ್ಲ ಓದದೆ ಬೇರೊಂದು ಮೂಲೆಗೆ ಹೋಗಿ ಬೀಳುವಂತೆ ಅವಳು ಅವನು ಬರುವ ಮೊದಲೇ ಏರ್ಪಾಡು ಮಾಡಿಟ್ಟಿದ್ದಳು. ಅದನ್ನು ಹೇಳಲಿಲ್ಲ.

"ಒಂದು ಪಟ್ಟಿ ಇಟ್ಟಿದ್ದಾನೆ ನೋಡಮ್ಮ," ಅಂತ ಅವರು ಒಂದು ಪುಟ್ಟ ಫೈಲು ತೆರೆದರು. "ಇದರಲ್ಲಿ ಯಾವ ಬದಲಾವಣೆಯ ಗುರುತು ಬರೆಯುತ್ತೀಯೋ ಅದನ್ನು ಬ್ಲೇಮ್ ಲೆಕ್ಕಕ್ಕೆ ಹಿಡಿಯಲ್ಲ, ಅದರ ಹಿಂದಿನವರ ಹೆಸರನ್ನೇ ತೋರಿಸುತ್ತೆ. ತನ್ನ ಹದಿನಾಲ್ಕನ್ನೂ ಇಲ್ಲಿ ಬರೆದಿಟ್ಟಿದ್ದಾನೆ. ಪೊರಕೆಯ ಹೆಸರು ನೆಲದ ಮೇಲೆ ಯಾಕೆ ಬೇಕು ಸರ್ ಅಂದ. ಆಮೇಲೆ, ಹೆಸರು ಎಣಿಸಿ ಕೆಲಸ ಕೊಡ್ತೀನಿ ಅಂತ ನಿನಗೆ ಯಾರು ಹೇಳಿದ್ದು?"

"ಕಾರಿಡಾರು."

"ಕಾರಿಡಾರಿಗೆ ಹೇಳು, ಹೊಸ ಯಂತ್ರ ನಿನ್ನದೇ ಅಂತ ಹೋದ ತಿಂಗಳೇ ಬರೆದಾಗಿದೆ. ಹಾಂ, ಅಂದ ಹಾಗೆ ಪೊರಕೆ ವರ್ಗ ಕೇಳಿದ್ದಾನೆ. ವಾಪಸ್ ರಿಪೇರಿ ವಿಭಾಗಕ್ಕೆ ಹೋಗ್ತಾನಂತೆ. ಶುಕ್ರವಾರದವರೆಗೆ ಇರ್ತೀನಿ ಅಂದಿದ್ದಾನೆ." ಅವರು ಮೇಜಿನ ಖಾನೆ ಎಳೆದರು. "ನನ್ನ ಕನ್ನಡಕ ನೋಡಿದ್ಯಾ?"

"ಹಣೆ ಮೇಲಿದೆ ಸರ್."

ಹೊರಗೆ ಬಂದಾಗ ಹದಿನಾಲ್ಕು ಹಾಳೆ ಕೈಯಲ್ಲಿ ಭಾರವಾಗಿತ್ತು. ಹೊಸ ಯಂತ್ರ ತನಗೇ ಸಿಕ್ಕಿತು, ಕುಣಿಯಬೇಕಿತ್ತು. ಕಾಲು ಬರಲಿಲ್ಲ. ಕದಿಯುವವನನ್ನು ಅರ್ಥ ಮಾಡಿಕೊಳ್ಳಬಹುದು. ಬೆಳಿಗ್ಗೆಯಿಂದ ಸಂಜೆ ತನಕ ಗುಡಿಸಿ ತನ್ನ ಹೆಜ್ಜೆ ಗುರುತನ್ನೂ ಒರೆಸಿಕೊಂಡು ಹೋಗುವವನಿಗೆ ಏನು ಬೇಕಿರುತ್ತದೆ? ಸುಮ್ಮನೆ ಯಾರೂ ಒಳ್ಳೆಯವರಾಗಿರುವುದಿಲ್ಲ. ಅನುಮಾನ ಸಾಯಲಿಲ್ಲ, ಮಗ್ಗುಲು ಬದಲಿಸಿತು.

ಶುಕ್ರವಾರ ಅವನು ಬರುತ್ತಾನೋ ಇಲ್ಲವೋ ಗೊತ್ತಿರಲಿಲ್ಲ. ಆ ಹಾಳಾದ 'ವರೆಗೆ'. ಗುರುವಾರವೇ ಕೊನೆಯೋ, ಶುಕ್ರವಾರವೂ ಉಂಟೋ? ಅವಳು ಟೆಸ್ಟ್ ರೂಮಿಗೆ ಓಡಿದಳು. ಓಡಿದ್ದು ಯಾರಿಗೂ ಕಾಣದಿರಲಿ ಅಂತ ಬಾಗಿಲ ಹತ್ತಿರ ನಿಧಾನವಾದಳು.

ಅವನು ಕೇಬಲ್ಲುಗಳನ್ನು ಸುತ್ತಿ ಡಬ್ಬಕ್ಕೆ ಹಾಕುತ್ತಿದ್ದ. ಕಿಟಕಿಯ ಬಿಸಿಲು ಅವನ ಮೊಣಕೈ ತನಕ ಬಂದು ನಿಂತಿತ್ತು.

"ಒಂದು ಕಡಿಮೆ ಬೀಳ್ತಿದೆ," ಅಂದ.

ಅವಳು ಚೀಲದಿಂದ ಕೇಬಲ್ ತೆಗೆದು ಮೇಜಿನ ಮೇಲಿಟ್ಟಳು. "ಅಕ್ಕನ ಅಂಗಡಿಗೆ ಯಾಕೆ ಬಂದಿದ್ರಿ?"

"ಯಾವ ಅಕ್ಕ?"

"ಡ್ರೈಕ್ಲೀನಿಂಗ್."

ಅವನ ಕೈ ನಿಂತಿತು. ಮುಖದ ಮೇಲೆ ಆಶ್ಚರ್ಯ ನಿಧಾನವಾಗಿ, ಹಳೇ ಪರದೆಯ ಮೇಲೆ ಚಿತ್ರ ಮೂಡುವ ಹಾಗೆ, ಮೂಡಿತು. "ಅವರು ನಿಮ್ಮ ಅಕ್ಕನಾ? ಅದಕ್ಕೇ! ಅರ್ಧ ಹೇಳಿ ಉಳಿದಿದ್ದನ್ನ ಎದುರಿನವರೇ ತಿಳ್ಕೊಳ್ಳಲಿ ಅನ್ನೋದು ಮನೆತನದಲ್ಲೇ ಇದೆ."

"ನಗಬೇಡಿ. ನನಗೆ ನಿಮ್ಮ ಮೇಲೆ ಇನ್ನೂ ನಂಬಿಕೆ ಬಂದಿಲ್ಲ. ಮೀಸೆಯವರ ಸಾಲು ಯಾಕೆ ಮುಟ್ಟಲಿಲ್ಲ? ನನ್ನವೇ ಯಾಕೆ?"

ಅವನು ಕೇಬಲ್ಲಿನ ತುದಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ಐದು ವರ್ಷ ನಾನು ನಮ್ಮ ರಿಪೇರಿ ವಿಭಾಗದ ಪರವಾಗಿ ಆಸ್ಪತ್ರೆಯ ರಿಪೇರಿ ಕೋಣೆಯಲ್ಲಿದ್ದೆ. ಕೆಟ್ಟ ಮಾನಿಟರ್ ಬರೋದು, ಕೇಬಲ್ ಚುಚ್ಚೋದು, ನಿಮ್ಮ ಸಾಲು ಓದೋದು. ಮೆಮೊರಿ ಸೊನ್ನೆಯಿಂದ ಹದಿನಾರರವರೆಗೆ ಅಂತ ನಿಮ್ಮ ಸಾಲು. ಪರದೆ ಹದಿನಾರರಿಂದ ಅಂತ ಇನ್ನೊಂದು ಸಾಲು. ಒಂದೇ ಮನೆಯಲ್ಲಿ ಇಬ್ಬರು, ಬೋರ್ಡು ಹಾಳಾಗಿದೆ ಅಂತ ಎತ್ತಿ ಎಸೆದೆ. ಹನ್ನೆರಡು ಬೋರ್ಡು ಎಸೆದ ಮೇಲೆ ಗೊತ್ತಾಯ್ತು, ಎಲ್ಲವೂ ಚೆನ್ನಾಗಿಯೇ ಇದ್ದವು. ನಿಮ್ಮ 'ವರೆಗೆ'ಯಲ್ಲಿ ಹದಿನಾರು ಸೇರಿರಲಿಲ್ಲ."

ಅವಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಹನ್ನೆರಡಾ?"

"ಬೈಸಿಕೊಂಡೆ. ನಿಮಗೆ ವಾಪಸ್ ಬೈಬೇಕು ಅಂತ ಕೋಡ್ ಓದೋದು ಕಲಿತೆ. ನಿಜ ಹೇಳ್ತೀನಿ, ಬೈಯೋಕೇ. ಯಾರಿದು ಅಂತ ಬ್ಲೇಮ್ ಓಡಿಸಿದೆ, ನಿಮ್ಮ ಹೆಸರು ಬಂತು. ಒಂದೊಂದು ಬದಲಾವಣೆಗೂ ನೀವು ಬರೆದ ಟಿಪ್ಪಣಿ ಓದಿದೆ. ಆಮೇಲೆ ಎಲ್ಲಾ ಓದಿದೆ. ಬೈಗುಳ ಎಲ್ಲಿ ಕಳೆದುಹೋಯ್ತೋ ಗೊತ್ತಿಲ್ಲ."

"ಸುಳ್ಳು. ನನ್ನ ಟಿಪ್ಪಣಿ ಮೀಸೆಯವರೇ ಓದಲ್ಲ."

"ಕೇಳಿ ನೋಡಿ."

ಅವಳು ಕಣ್ಣು ಕಿರಿದು ಮಾಡಿದಳು. "ಅಲಾರಂ ಮೊದಲ ಸಲ ಕೂಗಿದ ದಿನ ಏನು ಬರೆದಿದ್ದೆ?"

"'ಇವತ್ತು ಬಿಸಿಲು ಚೆನ್ನಾಗಿತ್ತು, ಅದಕ್ಕೇ ತಪ್ಪು ಕಾಣಿಸಿತು.'"

"ಪರದೆಯ ಫೈಲು, ಮೂರನೇ ವರ್ಷ."

"'ಸರಿಯಾಗಿದೆ. ಯಾಕೆ ಅಂತ ಗೊತ್ತಿಲ್ಲ. ಯಾರಾದರೂ ಓದುತ್ತಿದ್ದರೆ ತಿಳಿಸಿ.'" ಅವನು ತಲೆ ತಗ್ಗಿಸಿದ. "ತಿಳಿಸೋಣ ಅಂತ ಬಂದೆ. ಹೇಗೆ ಶುರು ಮಾಡೋದು ಗೊತ್ತಾಗಲಿಲ್ಲ. ನಿಮ್ಮ ಸಾಲು ಒರಣ ಮಾಡೋದು ಗೊತ್ತಿತ್ತು, ಅದನ್ನ ಮಾಡ್ತಾ ಕೂತೆ. ಬೇರೆಯವರ ಸಾಲು ಎಷ್ಟು ಕೊಳಕಾಗಿದ್ರೆ ನನಗೇನು ಮೇಡಂ?"

ಬಿಸಿಲು ಮೊಣಕೈ ದಾಟಿ ಅವನ ಭುಜಕ್ಕೆ ಹತ್ತಿತ್ತು. ಆ ಟಿಪ್ಪಣಿ ಬರೆದ ಮಧ್ಯಾಹ್ನ ಅವಳಿಗೆ ನೆನಪಾಯಿತು. ಹಿಂದಿನವನು ಆಗ ಪಕ್ಕದ ಕುರ್ಚಿಯಲ್ಲೇ ಇದ್ದ. ಅವನು ಓದಿರಲಿಲ್ಲ.

ಅನುಮಾನ ಒಂದೇ ಒಂದು ಉಳಿದಿತ್ತು. "ಇಷ್ಟೆಲ್ಲ ಓದಿದವರು ನಾನು ಬರೆದ ಒಂದು ಅಭಿಪ್ರಾಯಕ್ಕೆ ಓಡಿಹೋಗ್ತೀರಾ?"

"ನೀವು ಬರೆದದ್ದನ್ನ ನಾನು ಯಾವತ್ತೂ ತಳ್ಳಿಹಾಕಿಲ್ಲ. ತಡೆಯಬೇಕು ಅಂದ್ರಿ. ತಡೆದೆ." ಅವನು ಲ್ಯಾಪ್‌ಟಾಪ್ ಅವಳತ್ತ ತಿರುಗಿಸಿದ. "ಹದಿನೈದನೇ ಬದಲಾವಣೆ ಇದು. ಹದಿನಾಲ್ಕನ್ನೂ ವಾಪಸ್ ತೆಗೆಯುತ್ತೆ. ನಿಮ್ಮ ಸಾಲುಗಳು ಮೊದಲಿದ್ದ ಹಾಗೇ ಆಗ್ತವೆ, ನಾನೂ ಮೊದಲಿದ್ದ ಕಡೆ ಹೋಗ್ತೀನಿ. ನಾನು ಬಂದೇ ಇರಲಿಲ್ಲ ಅಂದ್ಕೊಳ್ಳಿ. ಒಪ್ಪಿಗೆ ಒತ್ತಿಬಿಡಿ, ಸಾಕು."

"ಯಾವಾಗ ಹೋಗೋದು?"

"ಶುಕ್ರವಾರದವರೆಗೆ ಇರ್ತೀನಿ ಅಂದಿದ್ದೀನಿ."

"ಶುಕ್ರವಾರ ಸೇರಿನಾ, ಬಿಟ್ಟಾ?"

ಅವನು ನಗಲು ನೋಡಿದ. ಆಗಲಿಲ್ಲ. "ಅದು ನೀವು ಓದಿಕೊಂಡ ಹಾಗೆ."

ಅವಳು ಅವನ ಕುರ್ಚಿ ಎಳೆದು ಕೂತಳು. ಪರದೆಯ ಮೇಲೆ ಎರಡು ಗುಂಡಿ, ಒಪ್ಪಿಗೆ, ನಿರಾಕರಣೆ. ಎರಡನೆಯದನ್ನು ಒತ್ತಿದಳು. ಕಾರಣ ಬರೆಯಿರಿ ಅಂತು ಖಾಲಿ ಚೌಕ. ಉದ್ದುದ್ದ ಟಿಪ್ಪಣಿ ಬರೆಯುವ ಕೈ ಅದು. ಅವತ್ತು ಎರಡೇ ಅಕ್ಷರ ಹೊಡೆಯಿತು.

ಅವನು ಅವಳ ಭುಜದ ಮೇಲಿಂದ ಬಗ್ಗಿ ಓದಿದ. ಅವನ ಉಸಿರು ಅವಳ ಕಿವಿಯ ಹತ್ತಿರ ತಡೆಯಿತು.

"ಮೇಡಂ, ಯಾವುದು ಬೇಡ? ಬದಲಾವಣೆ ವಾಪಸ್ ತೆಗೆಯೋದಾ, ನಾನು ವಾಪಸ್ ಹೋಗೋದಾ? ಇದೂ ಅರ್ಧ ಮಾತೇ."

"ಎರಡೂ ಸೇರಿ."

"ವರ್ಗದ ಅರ್ಜಿ ಸರ್ ಮೇಜಿನ ಮೇಲಿದೆ. ಕನಿಷ್ಠ ಸೋಮವಾರದವರೆಗಾದ್ರೂ ಯೋಚನೆ ಮಾಡಿ ನೋಡಿ…"

ಅವಳು ತಿರುಗಿ ನೋಡಿದಳು, ಒಂದು ಸಾಲೂ ಬಿಡದೆ.

"ಬೇಡ ಅಂದೆನಲ್ಲ."